ಮಾಲಂಗಿಯ ಕಥೆಯನ್ನು ಯಾರು ಹಾಡಬೇಕು?

(ಒಬ್ಬರು ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಕುರುಕ್ಷೇತ್ರ, ದಕ್ಷಯಜ್ಞ ಕಲಿಸುತ್ತಾ ಬಂದ ಹಾರ್ಮೋನಿಯಂ ಮೇಷ್ಟ್ರು. ಇನ್ನೊಬ್ಬಳು ತಿ. ನರಸೀಪುರದ ಹವ್ಯಾಸಿ ತಂಡವೊಂದರ ಹುಡುಗಿ. ತಂಡ ಈಗ, ರಾಜ ಒಡೆಯರ ಕಾಲದಲ್ಲಿ ಮೈಸೂರು ದೊರೆಗಳಿಗೆ ಶಾಪ ಹಾಕಿದಳು ಎಂದು ಜನ ಹೇಳುವ ತಲಕಾಡಿನ ಅಲಮೇಲಮ್ಮನ ಕಥೆಯನ್ನು ಹಾಡುನಾಟಕವಾಗಿ ಕಟ್ಟಲು ಹೊರಟಿದೆ.)

ಮೇಷ್ಟ್ರು: ಹಾಡುಗಳನ್ನ ಯಾರು ಹಾಡ್ತಾರವ್ವ?

ಹುಡುಗಿ: ಮೈಸೂರಿನ ಸ್ಟುಡಿಯೋದಲ್ಲಿ ಟ್ರ್ಯಾಕ್ ಮಾಡಿಸೋಣ ಅಂತ ತಂಡದಲ್ಲಿ ಮಾತಾಗಿದೆ ಮೇಷ್ಟ್ರೇ. ಚೆನ್ನಾಗಿ ಹಾಡೋರ ಕೈಲಿ ಹಾಡಿಸಿಬಿಟ್ರೆ ನಾವು ಅಭಿನಯದ ಕಡೆ ಗಮನ ಕೊಡಬಹುದು. ನಮ್ಮಲ್ಲಿ ಅರ್ಧ ಜನ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ ಮಾಡೋರು. ಎಲ್ಲರೂ ಒಟ್ಟಿಗೆ ಸಿಗೋದೇ ಭಾನುವಾರ. ಅಷ್ಟರಲ್ಲಿ ಮಾತು, ಚಲನೆ, ಹಾಡು ಮೂರೂ ಆಗೋದು ಕಷ್ಟ.

ಮೇಷ್ಟ್ರು: ಕಷ್ಟ ಅನ್ನೋದು ನನಗೂ ಗೊತ್ತು. ಆದರೂ ಟ್ರ್ಯಾಕ್ ಬೇಡ. ಯಾಕೆ ಅಂತ ಹೇಳ್ತೀನಿ ಕೇಳು. ನಮ್ಮ ಪೌರಾಣಿಕ ನಾಟಕದಲ್ಲಿ ಪಾತ್ರಧಾರಿ ಮಾತಾಡ್ತಾ ಮಾತಾಡ್ತಾ ಕೊನೆ ಪದವನ್ನ ಸ್ವಲ್ಪ ಎಳೀತಾನೆ. ಅದೇ ನನಗೆ ಸೂಚನೆ. ಅವನು ಯಾವ ಎತ್ತರದಲ್ಲಿ ಎಳೆದನೋ ಅಲ್ಲಿಗೇ ಹಾರ್ಮೋನಿಯಂ ಪೆಟ್ಟಿಗೆ ಹಿಡೀಬೇಕು. ಅವನಿಗೆ ಆ ರಾತ್ರಿ ಗಂಟಲು ಕಟ್ಟಿದ್ರೆ ಅರ್ಧ ಮನೆ ಇಳಿಸ್ಕೋತೀನಿ. ಜನ ಮೈಮರೆತು ಕೇಳ್ತಿದ್ರೆ ಇನ್ನೊಂದು ಆವರ್ತ ಬಿಟ್ಟುಕೊಡ್ತೀನಿ. ಸಾಲು ಮರೆತ್ರೆ ಎರಡು ಸ್ವರ ತುಂಬಿಸಿ ಅವನನ್ನ ದಡ ಸೇರಿಸ್ತೀನಿ. ಟ್ರ್ಯಾಕ್ ಇದ್ಯಾವುದನ್ನೂ ಮಾಡಲ್ಲ. ನೀವು ಅದರ ಹಿಂದೆ ಓಡಬೇಕು. ಅದರ ಹಿಂದೆ ಓಡುವವಳು ಅಲಮೇಲಮ್ಮ ಆಗೋಕೆ ಆಗಲ್ಲ.

ಹುಡುಗಿ: ನಮ್ಮ ಧ್ವನಿಗಳು ಹೊಂದಲ್ಲ ಮೇಷ್ಟ್ರೇ. ಹುಡುಗರು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ. ರಾಜ ಒಡೆಯರಿಗೂ ಅಲಮೇಲಮ್ಮನಿಗೂ ಒಂದು ಜೋಡಿ ಹಾಡು ಇಟ್ಟಿದೀವಿ. ಅವನಿಗೆ ಸರಿ ಹೋಗೋ ಕಡೆ ಇವಳ ದನಿ ತಳ ಹಿಡಿಯುತ್ತೆ, ಇವಳಿಗೆ ಸರಿ ಹೋಗೋ ಕಡೆ ಅವನು ಕಿರುಚ್ತಾನೆ.

ಮೇಷ್ಟ್ರು: ಅವನು ಪೆಟ್ಟಿಗೆಯ ಯಾವ ಮನೇಲಿ ಹಾಡ್ತಾನೆ?

ಹುಡುಗಿ: ಒಂದೂವರೆ. ಅವಳಿಗೆ ಐದೂವರೆ ಹಿತ.

ಮೇಷ್ಟ್ರು: ಹಾಗಿದ್ರೆ ನಿಮ್ಮ ಕೆಲಸ ಅರ್ಧ ಆಗೇ ಹೋಗಿದೆ! ಒಂದೂವರೆ ಮನೆಯ ಪಂಚಮ ಎಲ್ಲಿ ಬರುತ್ತೆ ನೋಡು: ಸರಿಯಾಗಿ ಐದೂವರೆಗೆ. ಅವನು ಹಾಡ್ತಾ ಹಾಡ್ತಾ ಬಂದು ತನ್ನ ಪಂಚಮದಲ್ಲಿ ನಿಲ್ಲಲಿ. ಅದೇ ಸ್ವರವನ್ನ ಅವಳು ತನ್ನ ಷಡ್ಜ ಅಂತ ಎತ್ತಿಕೊಳ್ಳಲಿ. ಪೆಟ್ಟಿಗೆಯಲ್ಲಿ ನಾನು ಒತ್ತಿದ ಮನೆಯಿಂದ ಬೆರಳು ಎತ್ತೋದೂ ಬೇಡ. ಅವನ ಕಣ್ಣಿಗೆ ಅದು ಏರಿ ತಲುಪಿದ ಜಾಗ, ಅವಳಿಗೆ ಅದು ಕಾಲು ಊರಿ ನಿಲ್ಲೋ ನೆಲ. ಶ್ರೀರಂಗಪಟ್ಟಣ ಗೆದ್ದವನಿಗೂ ಅದನ್ನ ಬಿಟ್ಟು ಬಂದವಳಿಗೂ ನಡುವೆ ಇದ್ದ ವ್ಯಾಜ್ಯವೇ ಅದಲ್ಲವಾ? ನೀವು ಹತ್ತು ಸಾಲು ಮಾತು ಬರೆದು ಹೇಳೋದನ್ನ ಒಂದು ಶ್ರುತಿ ಪಲ್ಲಟ ಹೇಳಿಬಿಡುತ್ತೆ.

ಹುಡುಗಿ: ಇದನ್ನ ಬರ್ಕೋತೀನಿ.

ಮೇಷ್ಟ್ರು: ಬರ್ಕೋಬೇಡ, ಹಾಡಿ ನೋಡು. ಮೈಕಿಲ್ಲದ ಕಾಲದಲ್ಲಿ ಗುಬ್ಬಿ ಕಂಪನಿಯವರು, ವರದಾಚಾರ್ಯರ ಕಂಪನಿಯವರು ಕೊನೇ ಸಾಲಿನ ನೆಲದ ಟಿಕೆಟ್ಟಿನವನಿಗೂ ಕೇಳಿಸಬೇಕು ಅಂತ ಏರು ಶ್ರುತಿಯಲ್ಲೇ ಹಾಡ್ತಿದ್ರು. ನಿಮಗೆ ಆ ಕಷ್ಟ ಇಲ್ಲ. ಒಂದು ಒಳ್ಳೇ ಮೈಕು ಸಾಕು. ಆದರೆ ಮೈಕು ದನಿಯನ್ನ ದೊಡ್ಡದು ಮಾಡುತ್ತೆ, ಶ್ರುತಿಯನ್ನ ನೀವೇ ಹಿಡೀಬೇಕು. ಅದಿರಲಿ, ಈ ಕಥೆಗೆ ಹಾಡೇ ಯಾಕೆ ಬೇಕು ಅಂತ ನಿಮಗೆ ಅನ್ನಿಸ್ತು? ಚರಿತ್ರೆಯ ನಾಟಕವನ್ನ ಮಾತಿನಲ್ಲೇ ಆಡಬಹುದಲ್ಲ. ಇಲ್ಲೇ ಯಳಂದೂರಿನ ಹತ್ತಿರ ಅಗರದಲ್ಲಿ ಹುಟ್ಟಿದ ಸಂಸರು ಮೈಸೂರು ಒಡೆಯರ ಚರಿತ್ರೆಯನ್ನ ಬರೀ ಮಾತಿನ ಬಲದಿಂದ ರಂಗಕ್ಕೆ ತಂದ್ರು.

ಹುಡುಗಿ: ಮೊದಲು ಅವರ ‘ವಿಗಡ ವಿಕ್ರಮರಾಯ’ವನ್ನೇ ಓದಿದ್ವಿ. 1638ರಲ್ಲಿ ದಳವಾಯಿ ವಿಕ್ರಮರಾಯ ದೊರೆಗೆ ವಿಷ ಹಾಕಿಸಿದ್ದು, ತೆರಕಣಾಂಬಿಯಿಂದ ಬಂದ ಕಂಠೀರವ ನರಸರಾಜ ಅವನನ್ನ ಮುಗಿಸಿದ್ದು. ಓದುವಾಗ ಮೈ ಜುಮ್ ಅನ್ನುತ್ತೆ. ಆದರೆ ಅದು ಅರಮನೆ ಒಳಗಿನ ಕಥೆ, ಅರಮನೆಯವರದ್ದೇ ಮಾತು. ಆ ಹಳೇ ಠೀವಿಯ ಕನ್ನಡವನ್ನ ನುಂಗಿಕೊಂಡು ಆಡೋ ಶಕ್ತಿ ನಮಗೆ ಇನ್ನೂ ಬಂದಿಲ್ಲ. ಮತ್ತೆ ನಮ್ಮ ಹುಡುಗನೊಬ್ಬ ಫೋನಿನಲ್ಲಿ ‘ಹ್ಯಾಮಿಲ್ಟನ್’ ತೋರಿಸಿದ. ಅಮೆರಿಕದಲ್ಲಿ 2015ರಲ್ಲಿ ಬ್ರಾಡ್‌ವೇಗೆ ಬಂದ ಹಾಡುನಾಟಕ. ಆ ದೇಶ ಕಟ್ಟಿದ ದೊಡ್ಡ ಮನುಷ್ಯರ ಕಥೆ. ಅವರೆಲ್ಲ ಬಿಳಿಯರು. ಪಾತ್ರ ಮಾಡಿರೋರು ಹೆಚ್ಚಿನವರು ಕಪ್ಪು ಜನ, ಲ್ಯಾಟಿನ್ ಮೂಲದೋರು. ಹಾಡೋದು ರ‍್ಯಾಪ್‌ನಲ್ಲಿ. ನಿಮ್ಮ ಚರಿತ್ರೆಯನ್ನ ನಮ್ಮ ಬಾಯಲ್ಲಿ ಹೇಳ್ತೀವಿ ಕೇಳಿ ಅನ್ನೋ ಹಾಗಿದೆ.

ಮೇಷ್ಟ್ರು: ಅದಕ್ಕೆ ನೀವೂ ರ‍್ಯಾಪ್ ಹಾಡ್ತೀರಾ?

ಹುಡುಗಿ: ಒಬ್ಬಿಬ್ಬರಿಗೆ ಆಸೆ ಇತ್ತು. ಆದರೆ ಅಲ್ಲಿನ ಹುಡುಗರ ಬೀದಿಯಲ್ಲಿ ರ‍್ಯಾಪ್ ಇತ್ತು, ಅದನ್ನ ಅವರು ರಂಗಕ್ಕೆ ತಂದ್ರು. ನಮ್ಮ ಬೀದಿಯಲ್ಲಿ ಇರೋದು ತಂಬೂರಿ, ಕಂಸಾಳೆ, ನಿಮ್ಮ ಪೆಟ್ಟಿಗೆ. ನಾವು ಇದನ್ನ ಬಿಟ್ಟು ಅದನ್ನ ತಂದ್ರೆ ಅವರು ಮಾಡಿದ್ದರ ವಿರುದ್ಧ ಮಾಡಿದ ಹಾಗಾಗುತ್ತೆ.

ಮೇಷ್ಟ್ರು: ಸರಿಯಾಗಿ ಹೇಳ್ದೆ. ಅಷ್ಟು ದೂರ ಹೋಗೋದೂ ಬೇಡ. ಪುಣೆಯ ‘ಘಾಶೀರಾಮ್ ಕೋತ್ವಾಲ್’ ಗೊತ್ತಲ್ಲ?

ಹುಡುಗಿ: ತೆಂಡೂಲ್ಕರ್ ಅವರದ್ದು.

ಮೇಷ್ಟ್ರು: 1972ರ ಡಿಸೆಂಬರ್. ಆಡಿದವರು ನಿಮ್ಮ ಹಾಗೇ ಹವ್ಯಾಸಿಗಳು. ನಿರ್ದೇಶಕ ಜಬ್ಬಾರ್ ಪಟೇಲ್ ಆಗ ಇನ್ನೂ ಹರೆಯದ ಡಾಕ್ಟರು. ಸಂಗೀತ ಭಾಸ್ಕರ ಚಂದಾವರ್ಕರ್, ಆಮೇಲೆ ನಮ್ಮ ‘ಒಂದಾನೊಂದು ಕಾಲದಲ್ಲಿ’ ಸಿನಿಮಾಕ್ಕೂ ಸಂಗೀತ ಕೊಟ್ಟವರು. ಪೇಶ್ವೆ ಕಾಲದ ನಾನಾ ಫಡ್ನವೀಸನ ಕಥೆ. ಪರದೆ ಇಲ್ಲ, ಸೀನರಿ ಇಲ್ಲ. ಮನುಷ್ಯರೇ ಸಾಲಾಗಿ ನಿಂತು ಗೋಡೆ ಆಗ್ತಾರೆ. ಭಜನೆ ಹಾಡ್ತಾ ಹಾಡ್ತಾನೇ ಪಾಪ ಮಾಡ್ತಾರೆ. ಆ ಹಾಡುಗಳು ಅಲಂಕಾರಕ್ಕೆ ಇಟ್ಟವಲ್ಲ. ಹಾಡು ತೆಗೆದ್ರೆ ನಾಟಕವೇ ಬಿದ್ದುಹೋಗುತ್ತೆ. ನಿಮ್ಮ ಹಾಡುಗಳನ್ನೂ ಹಾಗೆ ಒಂದೊಂದಾಗಿ ತೆಗೆದು ನೋಡಿ. ಯಾವುದು ತೆಗೆದ್ರೂ ಕಥೆ ನಡೆಯುತ್ತೋ ಅದನ್ನ ಕಿತ್ತುಹಾಕಿ.

ಹುಡುಗಿ: ಹಾಗೆ ನೋಡಿದ್ರೆ ಆಸ್ಥಾನದ ನರ್ತನದ ಹಾಡು ಹೋಗುತ್ತೆ. ಊರಿಗೆ ಸ್ವಾಗತ ಅನ್ನೋ ಹಾಡೂ ಹೋಗುತ್ತೆ. ಉಳಿಯೋದು 1610ರಲ್ಲಿ ಶ್ರೀರಂಗಪಟ್ಟಣ ಕೈ ಬದಲಾದ ಕಥೆಯ ಹಾಡು.

ಮೇಷ್ಟ್ರು: ಅದನ್ನ ಹೇಗೆ ಕಟ್ಟಿದೀರಿ? ವಿವರವಾಗಿ ಹೇಳು.

ಹುಡುಗಿ: ಎಲ್ಲರೂ ಒಪ್ಪೋದು ಇಷ್ಟು. ವಿಜಯನಗರದ ಕಡೆಯಿಂದ ಶ್ರೀರಂಗಪಟ್ಟಣದಲ್ಲಿ ಆಳ್ತಿದ್ದವನು ತಿರುಮಲರಾಯ. 1610ರಲ್ಲಿ ಪಟ್ಟಣ ರಾಜ ಒಡೆಯರ ಕೈಗೆ ಬಂತು. ಹೇಗೆ ಬಂತು ಅನ್ನೋದ್ರಲ್ಲೇ ಜಗಳ. ಅರಮನೆ ಕಡೆಯ ಕಥೆಯಲ್ಲಿ ತಿರುಮಲರಾಯ ಕಾಯಿಲೆ ಬಿದ್ದು, ತಾನಾಗಿ ಒಪ್ಪಿಸಿ, ತಲಕಾಡಿಗೆ ಹೊರಟುಹೋದ. ಇಂಗ್ಲಿಷಿನಲ್ಲಿ ಬರೆದ ವಿಲ್ಕ್ಸ್ 1810ರಲ್ಲಿ ತನ್ನ ಮೈಸೂರು ಚರಿತ್ರೆಯ ಮೊದಲ ಸಂಪುಟ ತಂದಾಗ, ಕೈಬರಹಗಳು ಒಂದೊಂದು ಒಂದೊಂದು ಹೇಳ್ತಾವೆ, ಒಳಗಿನ ಸಂಚು ಆ ಕಾಲದವರಿಗೇ ಬಿಡಿಸಲಾರದಷ್ಟು ಗಂಟಾಗಿತ್ತು ಅನ್ನೋ ಅರ್ಥದಲ್ಲಿ ಬರೆದ. ಇನ್ನು ನಮ್ಮ ಊರುಗಳ ಕಥೆ ನಿಮಗೇ ಗೊತ್ತು. ದೇವಿ ಶ್ರೀರಂಗನಾಯಕಿಗೆ ಮಂಗಳವಾರ, ಶುಕ್ರವಾರ ತೊಡಿಸ್ತಿದ್ದ ಒಡವೆ ತಿರುಮಲರಾಯನ ಹೆಂಡತಿ ಅಲಮೇಲಮ್ಮನ ಹತ್ತಿರ ಇದ್ದದ್ದು, ಅದಕ್ಕೆ ಒಡೆಯರ ಆಳುಗಳು ಬಂದದ್ದು, ಅವಳು ಮುತ್ತಿನ ಮೂಗುತಿ ಮಾತ್ರ ಕೊಟ್ಟು ಉಳಿದದ್ದನ್ನ ಮಡಿಲಿಗೆ ಕಟ್ಟಿಕೊಂಡು ಶಾಪ ಹಾಕಿ ಮಾಲಂಗಿಯಲ್ಲಿ ಕಾವೇರಿಗೆ ಹಾರಿದ್ದು.

ಮೇಷ್ಟ್ರು: ಈ ಮೂರರಲ್ಲಿ ನಿಮ್ಮ ನಾಟಕ ಯಾವುದನ್ನ ನಂಬುತ್ತೆ?

ಹುಡುಗಿ: ಮೂರನ್ನೂ ಆಡಿಸ್ತೀವಿ. ಒಂದೊಂದಕ್ಕೆ ಒಂದೊಂದು ಮೇಳ. ಅರಮನೆ ಮೇಳ ನಿಮ್ಮ ಪೆಟ್ಟಿಗೆ ತಬಲದ ಜೊತೆ, ಕಂಪನಿ ನಾಟಕದ ಠೀವಿಯಲ್ಲಿ ಹಾಡುತ್ತೆ. ವಿಲ್ಕ್ಸ್ ಕಡೆಯ ಬರಹದವನು ಹಾಡೋದೇ ಇಲ್ಲ, ಓದ್ತಾನೆ. ಹಿಂದೆ ಒಂದು ಚರ್ಮವಾದ್ಯ ಮಾತ್ರ ಇರುತ್ತೆ. ಊರ ಮೇಳ ತಂಬೂರಿ ಹಿಡಿದು ಕಥೆ ಹಾಡೋ ಧಾಟಿಯಲ್ಲಿ, ಒಬ್ಬರು ಎತ್ತಿದ್ದನ್ನ ಹಿಮ್ಮೇಳದವರು ಹಿಡಿಯೋ ಹಾಗೆ ಹಾಡುತ್ತೆ. ಒಂದು ಮೇಳ ಹೇಳಿ ಮುಗಿಸೋ ಮೊದಲೇ ಇನ್ನೊಂದು ಅಡ್ಡ ಬರುತ್ತೆ.

ಮೇಷ್ಟ್ರು: ಒಳ್ಳೇದು. ಆದರೆ ಒಡೆಯರನ್ನ ಖಳನಾಯಕ ಮಾಡಿಬಿಡಬೇಡಿ. ಸೊಂಟಕ್ಕೆ ಕತ್ತಿ ಕಟ್ಟಿ, ಹುಬ್ಬು ಗಂಟಿಕ್ಕಿ ನಿಲ್ಲಿಸೋದು ಸುಲಭ. ಅದೇ 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಹಾನವಮಿ ಉತ್ಸವ ಶುರು ಮಾಡಿದ್ದೂ ಅವರೇ. ಇವತ್ತಿನ ಮೈಸೂರು ದಸರಾದ ಬೇರು ಅದು. ಒಂದೇ ಗೆಲುವಿನಿಂದ ಒಂದು ಕಡೆ ದಸರಾ ಹುಟ್ಟಿತು, ಇನ್ನೊಂದು ಕಡೆ ಶಾಪದ ಕಥೆ ಹುಟ್ಟಿತು. ಅರಮನೆಯೂ ಅವಳನ್ನ ಮರೆತಿಲ್ಲ, ಅಲಮೇಲಮ್ಮನ ವಿಗ್ರಹ ಮಾಡಿಸಿ ಪೂಜೆ ಸಲ್ಲಿಸ್ತಾ ಬಂದ್ರು ಅನ್ನೋದು ಎಲ್ಲರ ಬಾಯಲ್ಲೂ ಇದೆ. ತಪ್ಪಿನ ಭಾರ ಹೊತ್ತವರಲ್ಲದೆ ಬೇರೆ ಯಾರು ಹಾಗೆ ಮಾಡ್ತಾರೆ? ರಾಜ ಒಡೆಯರಿಗೆ ಒಂದು ಒಂಟಿ ಹಾಡು ಕೊಡಿ. ಸುದ್ದಿ ತಂದ ಆಳು ಮೂಗುತಿಯನ್ನ ಅವರ ಅಂಗೈಯಲ್ಲಿ ಇಡ್ತಾನೆ. ಆಗ ಅವರು ಏನು ಹಾಡಿಯಾರು?

ಹುಡುಗಿ: ಅದನ್ನ ನಾವು ಯೋಚಿಸೇ ಇರಲಿಲ್ಲ. ಶಾಪದ ಹಾಡಿಗೇ ನಮ್ಮ ಶಕ್ತಿಯೆಲ್ಲ ಹೋಗಿದೆ.

ಮೇಷ್ಟ್ರು: ಶಾಪವನ್ನ ಹಾಡಾಗಿ ಮಾಡಿದೀರಾ?

ಹುಡುಗಿ: ನಾಟಕದ ತುತ್ತತುದಿ ಅದೇ ಅಲ್ಲವಾ? ಜನ ಕಾಯೋದೇ ಅದಕ್ಕೆ.

ಮೇಷ್ಟ್ರು: ಜನ ಕಾಯ್ತಾರೆ ಅಂತಲೇ ಹಾಡಬಾರದು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಅಂದಳು ಅನ್ನೋದು ಈ ಭಾಗದಲ್ಲಿ ಮೂರನೇ ಕ್ಲಾಸಿನ ಮಗುವಿಗೂ ಬಾಯಿಪಾಠ. ಅದಕ್ಕೆ ರಾಗ ಹಚ್ಚಿದ್ರೆ ಜನ ರಾಗ ಕೇಳ್ತಾರೆ, ಚಪ್ಪಾಳೆ ತಟ್ಟಿ ಒನ್ಸ್ ಮೋರ್ ಅಂತಾರೆ. ಸಾಯೋಕೆ ಹೊರಟವಳಿಗೆ ಒನ್ಸ್ ಮೋರ್ ಅನ್ನಿಸಬಾರದು. ಅಲ್ಲಿ ನಾನು ಪೆಟ್ಟಿಗೆ ಮುಚ್ಚಿಬಿಡ್ತೀನಿ. ಅವಳು ಬರೀ ಮಾತಿನಲ್ಲಿ, ಸಣ್ಣ ದನಿಯಲ್ಲಿ ಹೇಳಲಿ.

ಹುಡುಗಿ: ಹಾಗಾದರೆ ಇನ್ನೂ ಒಂದು ಹೆಜ್ಜೆ ಹೋಗೋಣವಾ? ಮೊದಲ ಊರಿನ ಹೆಸರನ್ನ ಮಾತ್ರ ಅವಳು ಹೇಳಲಿ. ನರಸೀಪುರದಲ್ಲೋ ತಲಕಾಡಿನಲ್ಲೋ ಆಡಿದ್ರೆ ಉಳಿದದ್ದನ್ನ ಕೂತ ಜನವೇ ಹೇಳಿ ಮುಗಿಸ್ತಾರೆ.

ಮೇಷ್ಟ್ರು: ಹೇಳ್ತಾರೆ, ಖಂಡಿತ ಹೇಳ್ತಾರೆ. ಆಗ ಶಾಪ ಹಾಕಿದವರು ಯಾರು ಅನ್ನೋ ಪ್ರಶ್ನೆ ಜನರ ಮಡಿಲಿಗೇ ಬೀಳುತ್ತೆ. ಇದನ್ನ ಬಿಡಬೇಡ. ಮರಳಿನ ದೃಶ್ಯ ಏನು ಮಾಡ್ತೀರಿ?

ಹುಡುಗಿ: ಅಲ್ಲಿ ಪದವೇ ಇಲ್ಲ. ಹುಡುಗಿಯರು ಮೊರದಲ್ಲಿ ಹೊಳೆ ಮರಳು ಹಾಕಿ ಕೇರ್ತಾರೆ. ಮೊದಲು ಒಬ್ಬಳು, ಆಮೇಲೆ ಎಲ್ಲರೂ. ಬಿ.ವಿ. ಕಾರಂತರು 1989ರಲ್ಲಿ ರಂಗಾಯಣ ಕಟ್ಟಿದ ಮೇಲೆ ಮೈಸೂರು ಸುತ್ತ ನಾಟಕ ಮಾಡೋರಿಗೆ ಇಷ್ಟು ಧೈರ್ಯ ಬಂದಿದೆ. ಸದ್ದು ಮಾಡೋದೆಲ್ಲ ವಾದ್ಯವೇ. ಆ ಮರಳಿನ ಸದ್ದಿನ ಮೇಲೆ ಬರಹದವನು ಬಂದು ಇನ್ನೊಂದು ಕಾರಣ ಓದ್ತಾನೆ. ಕಾವೇರಿ ಅಲ್ಲಿ ತಿರುವು ತಗೊಳ್ಳೋದು, ಮಾಧವಮಂತ್ರಿ ಅಣೆಕಟ್ಟೆ, ಬೇಸಿಗೆಯಲ್ಲಿ ಬಯಲಾದ ಮರಳು, ಮುಂಗಾರಿನ ಗಾಳಿ ಅದನ್ನ ಊರ ಮೇಲೆ ತಂದು ಸುರಿಯೋದು. ಹಾಗೇ ಕೀರ್ತಿನಾರಾಯಣ, ಪಾತಾಳೇಶ್ವರ, ಮರಳೇಶ್ವರ ಅಂತ ಮರಳಲ್ಲಿ ಹೂತ ಗುಡಿಗಳ ಹೆಸರು. 2017ರಲ್ಲಿ ಅರಮನೆಯಲ್ಲಿ ಮಗು ಹುಟ್ಟಿದ್ದನ್ನೂ ಓದ್ತಾನೆ. ಶಾಪ ನಿಜ ಅಂತಲೂ ಸುಳ್ಳು ಅಂತಲೂ ನಾವು ಹೇಳಲ್ಲ. ಒಬ್ಬ ಹೆಂಗಸಿನ ಮೇಲೆ ಆದ ಅನ್ಯಾಯವನ್ನ ಈ ಸೀಮೆಯ ಜನ ನಾನೂರು ವರ್ಷ ಮರೀಲಿಲ್ಲ. ಅದು ನಿಜ ತಾನೇ?

ಮೇಷ್ಟ್ರು: ಅದು ನಿಜ. ಊರ ಮೇಳಕ್ಕೆ ತಂಬೂರಿ ಅಂದೆಯಲ್ಲ, ಅಲ್ಲಿ ಸ್ವಲ್ಪ ಎಚ್ಚರ ಇರಲಿ. ಮಂಟೇಸ್ವಾಮಿಯ ನೀಲಗಾರರು ತಂಬೂರಿ ಹಿಡಿಯೋದು ದೀಕ್ಷೆ ತಗೊಂಡು. ಮಾದಪ್ಪನ ದೇವರಗುಡ್ಡರ ಕಂಸಾಳೆಯೂ ಹಾಗೇ. ಅದು ಅವರ ವ್ರತ. ಗುಡಿಯಿಂದ ಎತ್ತಿಕೊಂಡು ಬಂದು ವೇಷಕ್ಕೆ ಹಿಡಿಯೋ ಸಾಮಾನಲ್ಲ.

ಹುಡುಗಿ: ಹಾಗಾದ್ರೆ ಆ ದನಿಯೇ ಬೇಡವಾ? ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ನೀಲಗಾರರು ಹಾಡೋ ಕಾವ್ಯವನ್ನೇ ಆಧುನಿಕ ನಾಟಕ ಮಾಡಿತಲ್ಲ?

ಮೇಷ್ಟ್ರು: ಮಾಡಿತು, ಚೆನ್ನಾಗಿಯೇ ಮಾಡಿತು. ಕಲ್ಯಾಣದ ಸಾಲಿನಲ್ಲಿ ಬಸವಣ್ಣನನ್ನೇ ಪರೀಕ್ಷೆ ಮಾಡೋ ಎದೆಗಾರಿಕೆ ಆ ಕಾವ್ಯಕ್ಕೇ ಇದೆ. ಮೇಲಿನವರನ್ನ ಪ್ರಶ್ನೆ ಕೇಳೋ ಚರಿತ್ರೆ ಬೇಕು ಅಂದ್ರೆ ಅದು ನಮ್ಮ ನೆಲದಲ್ಲಿ ಹಾಡಿನ ರೂಪದಲ್ಲೇ ಉಳಿದಿದೆ. ನಾನು ಬೇಡ ಅನ್ನಲಿಲ್ಲ. ಆ ದನಿ ಬೇಕಾದ್ರೆ ಹಾಡುವವರನ್ನೇ ಕರೀರಿ. ಚಿಕ್ಕಲ್ಲೂರು ಜಾತ್ರೆಗೋ ಕಪ್ಪಡಿ ಜಾತ್ರೆಗೋ ಹೋಗಿ, ಕೂತು ರಾತ್ರಿಯೆಲ್ಲ ಕೇಳಿ. ಆಮೇಲೆ ಅವರಲ್ಲಿ ಬರೋಕೆ ಒಪ್ಪಿದೋರನ್ನ ತಾಲೀಮಿಗೆ ಕರೆದು, ಎದುರಿಗೆ ಕೂರಿಸಿ ಕೇಳಿ: ಯಾವ ಧಾಟಿಯನ್ನ ನಾವು ಬಳಸಬಹುದು, ಯಾವುದನ್ನ ಮುಟ್ಟಬಾರದು ಅಂತ. ಮೈಸೂರಿನ ಸ್ಟುಡಿಯೋಗೆ ಕೊಡಬೇಕು ಅಂತಿದ್ದ ದುಡ್ಡನ್ನ ಅವರಿಗೆ ಕೊಡಿ. ಪೋಸ್ಟರಿನಲ್ಲಿ ಅವರ ಹೆಸರು ನಿರ್ದೇಶಕರ ಹೆಸರಿನ ಪಕ್ಕದಲ್ಲೇ ಬರಲಿ.

ಹುಡುಗಿ: ಹಾಗೇ ಮಾಡ್ತೀವಿ. ಆದರೆ ನಮಗೆ ಇನ್ನೂ ಒಂದು ಕಷ್ಟ ಇದೆ. ಅಲಮೇಲಮ್ಮನ ಪಾತ್ರ ಮಾಡೋ ಹುಡುಗಿಯ ಮನೆಯವರು ಹಿಂದೇಟು ಹಾಕ್ತಿದ್ದಾರೆ. ನಾಟಕ ಅಂದ್ರೆ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕರೆಸೋದು, ನಮ್ಮ ಮಗಳು ಯಾಕೆ ಅಂತ ಕೇಳ್ತಾರೆ.

ಮೇಷ್ಟ್ರು: ಅದು ನಮ್ಮ ಪೌರಾಣಿಕ ನಾಟಕಗಳು ಬಿಟ್ಟುಹೋದ ರೂಢಿ. ಗಂಡಸರು ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು ಅಂತ ದುಡ್ಡು ಕಟ್ಟಿ ಪಾತ್ರ ತಗೋತಾರೆ, ತಿಂಗಳುಗಟ್ಟಲೆ ಕಲೀತಾರೆ. ದ್ರೌಪದಿ ಮಾತ್ರ ಮೈಸೂರಿಂದಲೋ ಮಂಡ್ಯದಿಂದಲೋ ನಾಟಕದ ಹೊತ್ತಿಗೆ ಬಂದು ಇಳೀತಾಳೆ. ಆ ಕಲಾವಿದೆಯರು ಪಳಗಿದೋರು. ಯಾವ ಊರಿನ ಯಾವ ದುಶ್ಶಾಸನನ ಎದುರೂ ತಪ್ಪಿಲ್ಲದೆ ಪಾತ್ರ ಮುಗಿಸಿ, ಬೆಳಗಿನ ಬಸ್ಸು ಹಿಡೀತಾರೆ. ಅವರ ದುಡಿಮೆಗೆ ನಾನು ಕೈ ಮುಗೀತೀನಿ. ಆದರೆ ಊರಿನ ಹೆಣ್ಣುಮಕ್ಕಳು ಚಾಪೆ ಮೇಲೆ ಕೂತು ನೋಡೋಕೆ ಮಾತ್ರ ಅಂತ ಆಗಿಹೋಯ್ತಲ್ಲ, ಅದು ನನ್ನನ್ನ ಯಾವತ್ತೂ ಕೊರೀತಾ ಬಂದಿದೆ. ನಂಜನಗೂಡು ತಿರುಮಲಾಂಬ ಚಿಕ್ಕ ವಯಸ್ಸಿಗೇ ಗಂಡನನ್ನ ಕಳಕೊಂಡು, 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿದ್ರು. ಕಾದಂಬರಿಯ ಜೊತೆ ನಾಟಕವನ್ನೂ ಬರೆದ್ರು. ಅವರ ಊರಿನ ಸುತ್ತ ಇವತ್ತಿಗೂ ಹುಡುಗಿಯೊಬ್ಬಳು ರಂಗದ ಮೇಲೆ ನಿಲ್ಲೋಕೆ ಅಪ್ಪನ ಅಪ್ಪಣೆಗೆ ಕಾಯಬೇಕು ಅಂದ್ರೆ ಹೇಗೆ?

ಹುಡುಗಿ: ಹೊರಗಿನಿಂದ ಕರೆಸಿದ್ರೆ ಎಲ್ಲ ಸುಲಭ ಅಂತ ನಮ್ಮವರೇ ಕೆಲವರು ಹೇಳ್ತಾರೆ.

ಮೇಷ್ಟ್ರು: ಈ ಪಾತ್ರಕ್ಕೆ ಅದು ಆಗಲ್ಲ. ಪಟ್ಟಣ ಕಳಕೊಂಡು ತಲಕಾಡಿಗೆ ಬಂದ ಹೆಂಗಸನ್ನ ಈ ಹೊಳೆಯ ದಂಡೆ ಜನ ತಮ್ಮವಳು ಮಾಡ್ಕೊಂಡ್ರು. ಅವಳ ಪರವಾಗಿ ಅಷ್ಟು ಕಾಲ ಮಾತಾಡಿದೋರು ಇಲ್ಲಿನ ಅಜ್ಜಿಯರು. ಅವರ ಮೊಮ್ಮಗಳೇ ಆ ಮಾತು ಆಡಬೇಕು. ಮನೆಯವರ ಹತ್ತಿರ ನಾನು ಬರ್ತೀನಿ. ತಾಲೀಮು ನಡೆಯೋ ಜಾಗಕ್ಕೆ ತಾಯಿಯನ್ನೂ ಕರೀರಿ, ಒಂದು ದಿನ ಕೂತು ನೋಡಲಿ. ನಾಟಕ ಬೇಡ ಅಂದ ಎಷ್ಟೋ ತಾಯಂದಿರು ತಾಲೀಮು ನೋಡಿದ ಮೇಲೆ ಮಗಳ ಸೀರೆ ತಾವೇ ಇಸ್ತ್ರಿ ಮಾಡಿ ಕಳಿಸಿದಾರೆ.

ಹುಡುಗಿ: ಇನ್ನ ಗಲಾಟೆ ಆದ್ರೆ? ರಾಜ ಮನೆತನದ ವಿಷಯ. ಯಾರೋ ಒಂದು ತುಣುಕು ಫೋನಿನಲ್ಲಿ ಹಿಡಿದು ಹಾಕಿದ್ರೆ ಸಾಕು.

ಮೇಷ್ಟ್ರು: ಘಾಶೀರಾಮ್‌ಗೂ ಆಯ್ತು. 19 ಪ್ರದರ್ಶನ ಆದಮೇಲೆ ಅವರ ಸಂಸ್ಥೆಯ ದೊಡ್ಡವರೇ ನಿಲ್ಲಿಸಿದ್ರು. ಹುಡುಗರು ಹೊರಗೆ ಬಂದು 1973ರಲ್ಲಿ ಥಿಯೇಟರ್ ಅಕಾಡೆಮಿ ಅಂತ ತಮ್ಮದೇ ತಂಡ ಕಟ್ಟಿ ಆಡಿದ್ರು. 1980ರಲ್ಲಿ ಅದೇ ನಾಟಕ ಯೂರೋಪ್ ಸುತ್ತಿ ಬಂತು. ಹೆದರಿ ಮೊದಲೇ ಕತ್ತರಿ ಆಡಿಸಬೇಡಿ. ಮೂರು ಮೇಳಕ್ಕೂ ನ್ಯಾಯ ಸಿಕ್ಕಿದ್ಯಾ ಅಂತ ಪ್ರಾಮಾಣಿಕವಾಗಿ ನೋಡ್ಕೊಳ್ಳಿ. ಮೊದಲ ಪ್ರದರ್ಶನಕ್ಕೆ ಮೈಸೂರಿನ ಸಭಾಂಗಣ ಹಿಡೀಬೇಡಿ. ತಲಕಾಡು, ಮಾಲಂಗಿ ಕಡೆಯ ಶಾಲೆ ಮೈದಾನದಲ್ಲಿ ಆಡಿ. ಆ ಜನ ಒಪ್ಪಿದ್ರೆ ಮುಂದೆ ಸುತ್ತೂರು ಜಾತ್ರೆಗೆ ಕೇಳೋಣ. ಆಮೇಲೆ ಮೈಸೂರು.

ಹುಡುಗಿ: ಪೆಟ್ಟಿಗೆಗೆ ನೀವೇ ಬರಬೇಕು.

ಮೇಷ್ಟ್ರು: ಬರ್ತೀನಿ. ಟ್ರ್ಯಾಕ್ ಮಾತು ಇನ್ನ ಎತ್ತಬಾರದು. ಭಾನುವಾರ ಬೆಳಿಗ್ಗೆ ಶ್ರುತಿ ಅಭ್ಯಾಸ. ಹುಡುಗರಿಗೆ ಒಂದೂವರೆ, ಹುಡುಗಿಯರಿಗೆ ಐದೂವರೆ. ರಾತ್ರಿ ಶಿಫ್ಟ್ ಮುಗಿಸಿ ಬರೋರಿಗೆ ಮಧ್ಯಾಹ್ನ ಬೇರೆ ಕೂರಿಸ್ಕೋತೀನಿ. ನಿಮ್ಮ ತಂಡದೋರು ಒಬ್ಬೊಬ್ಬರೂ ಮನೆಗೆ ಹೋಗಿ ಅಜ್ಜಿಯನ್ನ ಕೇಳಿ ಬರಲಿ, ಅಲಮೇಲಮ್ಮನ ಮೇಲೆ ಯಾವುದಾದರೂ ಪದ ಗೊತ್ತಾ ಅಂತ.

ಹುಡುಗಿ: ನಮ್ಮ ತಂಡದೋರು ಮಾತ್ರ ಯಾಕೆ ಮೇಷ್ಟ್ರೇ? ತಲಕಾಡು, ಮಾಲಂಗಿ, ಮುಡುಕುತೊರೆ, ಬನ್ನೂರು, ಸುತ್ತೂರು ಕಡೆ ಯಾರ ಮನೆಯಲ್ಲಿ ಅಂಥ ಒಂದು ಪದ, ಒಂದು ಸಾಲು ಉಳಿದಿದ್ರೂ ನಮಗೆ ಹಾಡಿ ತೋರಿಸಿ ಅಂತ ಕೇಳ್ಕೋತೀವಿ. ನಾಟಕದಲ್ಲಿ ಅದಕ್ಕೆ ಜಾಗ ಇದೆ. ಮಗಳು ಹಾಡ್ತೀನಿ ಅಂದ್ರೆ ಅವಳನ್ನೂ ಜೊತೆಗೆ ಕಳಿಸಿಕೊಡಿ.